ಮಗುವಿನ ಥೈರಾಯ್ಡ್ ವರದಿ ತಾಳೆ ಆಗುತ್ತಿಲ್ಲವೇ? ಮೊದಲು ವಾರ ಎಣಿಸಿ, ಗಂಟೆ ನೋಡಿ

ಹುಟ್ಟಿ ಮೂರು ದಿನವಾದ ಮಗು. ಹಿಮ್ಮಡಿ ಚುಚ್ಚಿ ಫಿಲ್ಟರ್ ಪೇಪರ್ ಮೇಲೆ ರಕ್ತದ ಹನಿ ಹಾಕಿ ಕಳಿಸಿದ್ದಾಯಿತು. ವರದಿ ಬಂತು. ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು) ಮುಂದೆ ಒಂದು ಅಂಕಿ, ಪಕ್ಕದಲ್ಲಿ ಮೇಲ್ಮುಖ ಬಾಣ. ಅಪ್ಪ ಅಮ್ಮನ ಎದೆ ಧಸಕ್ಕೆಂದಿತು. ಇನ್ನೊಂದು ಮನೆಯಲ್ಲಿ ವರದಿ ಪೂರ್ತಿ ಸರಿ ಇದೆ, ಬಾಣವೇ ಇಲ್ಲ. ಎಲ್ಲರೂ ಸಮಾಧಾನದಿಂದ ಮಗುವನ್ನು ಮನೆಗೆ ಕರೆದೊಯ್ದರು. ಈ ಎರಡರಲ್ಲಿ ನಿಜವಾಗಿ ಕಾಯಿಲೆ ಇದ್ದದ್ದು ಎರಡನೆಯ ಮಗುವಿಗೆ. ಹೀಗೂ ಆಗುತ್ತದೆ.

ನವಜಾತ ಶಿಶುಗಳ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿದವಳು ನಾನು. ಥೈರಾಯ್ಡ್ ವರದಿಯನ್ನು ಓದುವಾಗ ನಾವು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟುತ್ತವೆ. ಅಂಕಿಯನ್ನು ಓದುತ್ತೇವೆ, ಮಗು ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನು ಓದುವುದಿಲ್ಲ. 28 ವಾರಕ್ಕೆ ಹುಟ್ಟಿದ ಮಗುವಿಗೂ 39 ವಾರಕ್ಕೆ ಹುಟ್ಟಿದ ಮಗುವಿಗೂ ಒಂದೇ ಅಂಕಿಯ ಅರ್ಥ ಬೇರೆ ಬೇರೆ. ಈ ಕೈಪಿಡಿ ವಾರ್ಡಿನ ನರ್ಸ್‌ಗಳಿಗೆ, ಲ್ಯಾಬಿನವರಿಗೆ, ಹೊಸದಾಗಿ ಡ್ಯೂಟಿಗೆ ಬಂದ ಡಾಕ್ಟರುಗಳಿಗೆ. ದಿನ ತುಂಬದ ಮಗುವಿನ ತಂದೆತಾಯಿಯರೂ ಓದಬಹುದು. ಆದರೆ ಔಷಧಿ ಶುರು ಮಾಡುವುದು, ನಿಲ್ಲಿಸುವುದು ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರ ಕೆಲಸ. ಅದರಲ್ಲಿ ರಾಜಿ ಬೇಡ.

ಟಿಎಸ್‌ಎಚ್ ಅಂಕಿಗಳನ್ನೆಲ್ಲ ಇಲ್ಲಿ ಲೀಟರಿಗೆ ಮಿಲಿ ಯೂನಿಟ್ ಲೆಕ್ಕದಲ್ಲಿ ಕೊಟ್ಟಿದ್ದೇನೆ.

ಅಂಕಿ ನೋಡುವ ಮೊದಲು ಕೇಳಬೇಕಾದದ್ದು

ಮೊದಲ ಪ್ರಶ್ನೆ: ರಕ್ತ ತೆಗೆದಾಗ ಮಗುವಿಗೆ ಎಷ್ಟು ಗಂಟೆ ವಯಸ್ಸು? ಎಷ್ಟು ದಿನ ಎಂದಲ್ಲ, ಎಷ್ಟು ಗಂಟೆ.

ಹೊಟ್ಟೆಯೊಳಗಿನ ಬೆಚ್ಚಗಿನ ಜಾಗದಿಂದ ಮಗು ಹೊರಗೆ ಬಂದ ಕೂಡಲೇ ಚಳಿ ತಾಗುತ್ತದೆ, ಹೊಕ್ಕುಳಬಳ್ಳಿ ಕತ್ತರಿಸುತ್ತಾರೆ. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಒಮ್ಮೆಲೇ ಟಿಎಸ್‌ಎಚ್ ಸುರಿಸುತ್ತದೆ. ದಿನ ತುಂಬಿದ ಮಗುವಿನಲ್ಲಿ ಅರ್ಧ ಗಂಟೆಯೊಳಗೆ ಅದು 60ರಿಂದ 80ರವರೆಗೂ ಏರುತ್ತದೆ. ಒಂದು ದಿನ ಕಳೆಯುವ ಹೊತ್ತಿಗೆ ಸುಮಾರು 20ಕ್ಕೆ ಇಳಿದಿರುತ್ತದೆ. ವಾರದ ಕೊನೆಗೆ 10ಕ್ಕಿಂತ ಕೆಳಗೆ. ಇದು ಕಾಯಿಲೆ ಅಲ್ಲ, ಮಗು ಹೊರಗಿನ ಲೋಕಕ್ಕೆ ಹೊಂದಿಕೊಳ್ಳುವ ರೀತಿ. ಆ ಟಿಎಸ್‌ಎಚ್‌ನ ತಳ್ಳುವಿಕೆಗೆ ಥೈರಾಯ್ಡ್ ಕೂಡ ಜೋರಾಗಿ ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ಒಂದೆರಡು ದಿನ ಥೈರಾಯ್ಡ್ ತಯಾರಿಸುವ ಹಾರ್ಮೋನು ಟಿ4 ಕೂಡ ಜಾಸ್ತಿಯೇ ಇರುತ್ತದೆ.

ಇದಕ್ಕೇ ಹಿಮ್ಮಡಿ ರಕ್ತವನ್ನು ಸಾಮಾನ್ಯವಾಗಿ 48ರಿಂದ 72 ಗಂಟೆಯ ನಡುವೆ ತೆಗೆಯುವುದು. ಬೇಗ ಡಿಸ್ಚಾರ್ಜ್ ಆಗುವ ಮಗುವಿಗೆ ಹತ್ತೋ ಹದಿನೈದೋ ಗಂಟೆಗೇ ತೆಗೆದುಬಿಟ್ಟರೆ ಟಿಎಸ್‌ಎಚ್ ಏರಿಯೇ ಇರುತ್ತದೆ. ಒಮ್ಮೆ ಹೀಗೇ ಆಯಿತು. ಫಿಲ್ಟರ್ ಪೇಪರ್ ಕಾರ್ಡಿನ ಮೇಲೆ ‘ಮೊದಲ ದಿನ’ ಎಂದಷ್ಟೇ ಬರೆದಿದ್ದರು. ಟಿಎಸ್‌ಎಚ್ 38. ಆ ತಾಯಿ ಎರಡು ದಿನ ಊಟ ಬಿಟ್ಟು ಅತ್ತಳು. ನಾವು ಕೇಸ್ ಶೀಟ್ ತೆಗೆದು ನೋಡಿದರೆ ರಕ್ತ ತೆಗೆದದ್ದು ಮಗು ಹುಟ್ಟಿದ ಒಂಬತ್ತನೇ ಗಂಟೆಗೆ. ಐದನೇ ದಿನ ಮತ್ತೆ ತೆಗೆದೆವು, 4 ಬಂತು. ಕಾರ್ಡಿನ ಮೇಲೆ ಗಂಟೆ ಬರೆದಿದ್ದರೆ ಆ ಎರಡು ದಿನದ ಸಂಕಟ ತಪ್ಪುತ್ತಿತ್ತು, ಅಲ್ವಾ?

ಎರಡನೇ ಪ್ರಶ್ನೆ: ಮಗು ಎಷ್ಟು ವಾರಕ್ಕೆ ಹುಟ್ಟಿತು? ತೂಕ ನೋಡಿ ಊಹೆ ಮಾಡಬೇಡಿ. ಒಂದೂವರೆ ಕಿಲೋ ತೂಕದ ಮಗು 31 ವಾರದ್ದಿರಬಹುದು. ಹೊಟ್ಟೆಯೊಳಗೆ ಸರಿಯಾಗಿ ಬೆಳೆಯದ 37 ವಾರದ್ದೂ ಇರಬಹುದು. ತೂಕ ಒಂದೇ ಆದರೂ ಗ್ರಂಥಿ ಬಲಿತಿರುವ ಮಟ್ಟ ಒಂದೇ ಅಲ್ಲ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಇದ್ದರೆ ಅದರ ಲೆಕ್ಕವೇ ಎಲ್ಲಕ್ಕಿಂತ ನಂಬಿಕೆಯದ್ದು. ಅದಿಲ್ಲದಿದ್ದರೆ ಕೊನೆಯ ಮುಟ್ಟಿನ ದಿನ, ಜೊತೆಗೆ ಮಗುವಿನ ಚರ್ಮ, ಅಂಗಾಲಿನ ಗೆರೆ, ಕಿವಿಯ ಗಡಸು, ಕೈಕಾಲು ಮಡಿಸುವ ರೀತಿ ನೋಡಿ ಹಾಕುವ ಬ್ಯಾಲಾರ್ಡ್ ಸ್ಕೋರ್. ಅದು ಎರಡು ವಾರ ಆಚೀಚೆ ಆಗಬಹುದು. ಆದರೂ ತೂಕಕ್ಕಿಂತ ಎಷ್ಟೋ ವಾಸಿ.

ಮೂರನೆಯದು ಚಿಕ್ಕ ಪ್ರಶ್ನೆ, ಎಡವಟ್ಟು ಮಾತ್ರ ದೊಡ್ಡದು. ಈ ಅಂಕಿ ಇಡೀ ರಕ್ತದ ಲೆಕ್ಕವೋ, ಸೀರಮ್ ಲೆಕ್ಕವೋ? ಫಿಲ್ಟರ್ ಪೇಪರ್ ಮೇಲೆ ಒಣಗುವುದು ಇಡೀ ರಕ್ತ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಂಪು ಕಣ. ಟಿಎಸ್‌ಎಚ್ ಇರುವುದು ಉಳಿದ ನೀರಿನ ಭಾಗದಲ್ಲಿ, ಅಂದರೆ ಸೀರಮ್‌ನಲ್ಲಿ. ಹಾಗಾಗಿ ಇಡೀ ರಕ್ತದ ಅಂಕಿಯನ್ನು ಸೀರಮ್‌ಗೆ ತರಲು ಸುಮಾರು 2.2ರಿಂದ ಗುಣಿಸಬೇಕು. ಪೇಪರಿನ 15 ಎಂದರೆ ಸೀರಮ್‌ನ 33. ಒಂದು ಲ್ಯಾಬಿನ ಪೇಪರ್ ವರದಿಯನ್ನೂ ಇನ್ನೊಂದು ಲ್ಯಾಬಿನ ಸೀರಮ್ ವರದಿಯನ್ನೂ ಪಕ್ಕಪಕ್ಕ ಇಟ್ಟು ‘ಮೂರೇ ದಿನದಲ್ಲಿ ಎರಡು ಪಟ್ಟು ಆಯಿತು’ ಎಂದು ಗಾಬರಿಯಾದವರನ್ನು ನೋಡಿದ್ದೇನೆ. ಆಗಿದ್ದು ಏನೂ ಇಲ್ಲ, ಅಳತೆ ಬೇರೆ ಅಷ್ಟೇ. ಟಿ4ಗೂ ಹೀಗೇ ಎರಡು ಲೆಕ್ಕ ಇವೆ. ಫ್ರೀ ಟಿ4 (ಪ್ರೋಟೀನಿಗೆ ಅಂಟದೆ ರಕ್ತದಲ್ಲಿ ಬಿಡಿಯಾಗಿರುವ ಟಿ4) ಡೆಸಿಲೀಟರಿಗೆ 1 ನ್ಯಾನೋಗ್ರಾಂ ಎಂದರೆ ಲೀಟರಿಗೆ ಸುಮಾರು 12.9 ಪಿಕೋಮೋಲ್.

ವಾರ ಕಡಿಮೆ ಆದರೆ ಹಾರ್ಮೋನು ಯಾಕೆ ಕಡಿಮೆ?

ಇದು ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಭ್ರೂಣದ ಥೈರಾಯ್ಡ್ 10ರಿಂದ 12ನೇ ವಾರಕ್ಕೆ ಅಯೋಡಿನ್ ಹಿಡಿದಿಡಲು ಕಲಿಯುತ್ತದೆ. ಲೆಕ್ಕಕ್ಕೆ ಸಿಗುವಷ್ಟು ಹಾರ್ಮೋನು ಮಾಡುವುದು 18-20 ವಾರ ದಾಟಿದ ಮೇಲೆ. ಅಲ್ಲಿಂದ ಹೆರಿಗೆಯವರೆಗೆ ವಾರ ವಾರಕ್ಕೂ ಟಿ4 ಏರುತ್ತಾ ಹೋಗುತ್ತದೆ. ಕಡಿಮೆ ಬಿದ್ದದ್ದನ್ನು ತಾಯಿ ತುಂಬುತ್ತಾಳೆ. ಥೈರಾಯ್ಡ್ ಹಾರ್ಮೋನೇ ತಯಾರಾಗದ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೂ ಮಾಮೂಲಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಟಿ4 ಸಿಗುತ್ತದೆ. ಅದು ಪೂರ್ತಿ ಅಮ್ಮನದ್ದು. ಹುಟ್ಟಿದಾಗ ಇಂಥ ಮಕ್ಕಳು ಚೆನ್ನಾಗಿಯೇ ಕಾಣುವುದು ಇದಕ್ಕೇ. ಆ ಬುತ್ತಿ ಎರಡು ಮೂರು ವಾರದಲ್ಲಿ ಖಾಲಿಯಾಗುತ್ತದೆ.

ಈಗ 27 ವಾರಕ್ಕೆ ಹುಟ್ಟಿದ ಮಗುವನ್ನು ಯೋಚಿಸಿ. ಅಮ್ಮನಿಂದ ಬರುತ್ತಿದ್ದದ್ದು ಹದಿಮೂರು ವಾರ ಮೊದಲೇ ನಿಂತಿತು. ಪಿಟ್ಯುಟರಿ ಇನ್ನೂ ಎಳೆಯದು, ಹುಟ್ಟಿದ ಕೂಡಲೇ ಆಗಬೇಕಾದ ಟಿಎಸ್‌ಎಚ್ ಏರಿಕೆ ಮಂದ. ಗ್ರಂಥಿಯಲ್ಲಿ ಅಯೋಡಿನ್ ದಾಸ್ತಾನು ಇಲ್ಲ. ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನ್ ಕಡಿಮೆ. ಅದರ ಮೇಲೆ ಉಸಿರಾಟದ ತೊಂದರೆ, ಸೋಂಕು, ಔಷಧಿಗಳು. ದಿನ ತುಂಬಿದ ಮಗುವಿನ ಟಿ4 ಹುಟ್ಟಿದ ಮೇಲೆ ಏರಿದರೆ, ಈ ಮಗುವಿನದ್ದು ಇಳಿಯುತ್ತದೆ. ಸುಮಾರು 7ರಿಂದ 14 ದಿನಕ್ಕೆ ತಳ ಮುಟ್ಟಿ, ಆಮೇಲೆ ವಾರಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಮೇಲೇಳುತ್ತದೆ.

ಇನ್ನು ವರದಿ ತೆರೆಯೋಣ.

ಟಿಎಸ್‌ಎಚ್ ಬಹಳ ಜಾಸ್ತಿ, ಫ್ರೀ ಟಿ4 ಕಡಿಮೆ

ಇದು ಎಲ್ಲಕ್ಕಿಂತ ಸುಲಭದ ಗುರುತು, ಕಾಯಲೇಬಾರದ ಗುರುತು ಕೂಡ. ಪಿಟ್ಯುಟರಿ ಕೂಗುತ್ತಿದೆ, ಥೈರಾಯ್ಡ್ ಕೇಳುತ್ತಿಲ್ಲ. ಗ್ರಂಥಿ ಇಲ್ಲದಿರಬಹುದು, ಇರಬೇಕಾದ ಜಾಗದಲ್ಲಿ ಇಲ್ಲದೆ ನಾಲಿಗೆಯ ಬುಡದಲ್ಲಿ ಉಳಿದಿರಬಹುದು, ಇದ್ದರೂ ಹಾರ್ಮೋನು ತಯಾರಿಸಲು ಆಗದಿರಬಹುದು.

ಪೇಪರ್ ವರದಿಯಲ್ಲಿ ಇಡೀ ರಕ್ತದ ಲೆಕ್ಕದಲ್ಲಿ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಅದೇ ದಿನ ರಕ್ತನಾಳದಿಂದ ರಕ್ತ ತೆಗೆದು ಕಳಿಸಿ. ಅದರ ಉತ್ತರಕ್ಕೆ ದಿನಗಟ್ಟಲೆ ಕಾಯದೆ ಡಾಕ್ಟರು ಥೈರಾಕ್ಸಿನ್ (ಔಷಧಿ ರೂಪದ ಟಿ4) ಶುರು ಮಾಡುತ್ತಾರೆ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ. ಮೊದಲ ಎರಡು ವಾರದೊಳಗೆ ಶುರುವಾದರೆ ಮೆದುಳಿನ ಬೆಳವಣಿಗೆ ಉಳಿಯುತ್ತದೆ. ಸ್ಕ್ಯಾನ್ ಆಗಲಿ, ದೊಡ್ಡ ಡಾಕ್ಟರ ಅಪಾಯಿಂಟ್‌ಮೆಂಟ್ ಆಗಲಿ ಈ ಔಷಧಿಯನ್ನು ತಡ ಮಾಡಬಾರದು. ಅಲ್ಟ್ರಾಸೌಂಡ್ ಯಾವಾಗ ಬೇಕಾದರೂ ಮಾಡಬಹುದು.

‘ಮಗು ಆರಾಮಾಗಿದೆಯಲ್ಲ, ಹಾಲು ಕುಡಿಯುತ್ತಿದೆಯಲ್ಲ’ ಎಂದು ಯಾರಾದರೂ ಹೇಳುತ್ತಾರೆ. ಹೌದು, ಆರಾಮಾಗಿಯೇ ಇರುತ್ತದೆ. ಅಮ್ಮನ ಬುತ್ತಿ ಇನ್ನೂ ಇದೆ. ದಪ್ಪ ನಾಲಿಗೆ, ಗೊಗ್ಗರು ಅಳು, ಹೋಗದ ಕಾಮಾಲೆ, ಮಲಬದ್ಧತೆ, ಉಬ್ಬಿದ ಹೊಕ್ಕುಳ ಕಾಣುವ ಹೊತ್ತಿಗೆ ಬೆಲೆಬಾಳುವ ವಾರಗಳು ಕಳೆದುಹೋಗಿರುತ್ತವೆ. ಹೀಗೆ ಕಣ್ಣಿಗೆ ಕಾಣದ ಕಾಯಿಲೆಯನ್ನು ಹಿಡಿಯಲೆಂದೇ 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ದುಸೋ ಅವರು ಒಣ ರಕ್ತದ ಚುಕ್ಕೆಯಲ್ಲಿ ಥೈರಾಯ್ಡ್ ಪರೀಕ್ಷೆ ಮಾಡುವ ದಾರಿ ಕಂಡುಕೊಂಡರು. ಜಗತ್ತಿನಲ್ಲಿ ಸುಮಾರು 2000ದಿಂದ 4000 ಮಕ್ಕಳಿಗೆ ಒಂದರಂತೆ ಈ ಕಾಯಿಲೆ ಸಿಗುತ್ತದೆ.

ಇಲ್ಲಿ ಮೊಣಕಾಲಿನ ಎಕ್ಸ್‌ರೇ ಬಗ್ಗೆ ಒಂದು ಮಾತು. ತೊಡೆಮೂಳೆಯ ಕೆಳತುದಿಯಲ್ಲಿ ಒಂದು ಚಿಕ್ಕ ಮೂಳೆಗುಂಡು ಸುಮಾರು 36ನೇ ವಾರಕ್ಕೆ ಕಾಣಿಸಿಕೊಳ್ಳುತ್ತದೆ. ದಿನ ತುಂಬಿದ ಮಗುವಿನಲ್ಲಿ ಅದು ಇಲ್ಲದಿದ್ದರೆ ಹೊಟ್ಟೆಯೊಳಗೇ ಹಾರ್ಮೋನು ಸಾಲದೆ ಹೋಗಿತ್ತು ಎಂದು ಅರ್ಥ. ಆದರೆ 32 ವಾರದ ಮಗುವಿನಲ್ಲಿ ಅದು ಇಲ್ಲ ಎಂದು ಬರೆದು ಥೈರಾಯ್ಡ್ ಮೇಲೆ ತಪ್ಪು ಹೊರಿಸಬೇಡಿ. ಅದಕ್ಕೆ ಇನ್ನೂ ಆ ಮೂಳೆ ಮೂಡುವ ವಯಸ್ಸೇ ಆಗಿಲ್ಲ.

ಟಿಎಸ್‌ಎಚ್ ಸ್ವಲ್ಪ ಜಾಸ್ತಿ, ಫ್ರೀ ಟಿ4 ಸರಿ

ಇಲ್ಲಿ ತಾಳ್ಮೆ ಬೇಕು. ಮೊದಲು ಗಂಟೆ ನೋಡಿ. ಬೇಗ ತೆಗೆದ ರಕ್ತವಾಗಿದ್ದರೆ ಕಥೆ ಅಲ್ಲಿಗೇ ಮುಗಿಯಬಹುದು. ಅದಲ್ಲ ಎಂದಾದರೆ ಅಯೋಡಿನ್ ಹುಡುಕಿ.

ಅಯೋಡಿನ್ ಜಾಸ್ತಿಯಾದಾಗ ಥೈರಾಯ್ಡ್ ಕೆಲಸ ನಿಲ್ಲಿಸುತ್ತದೆ. ದೊಡ್ಡವರಲ್ಲಿ ಕೆಲವು ದಿನಕ್ಕೆ ಅದು ತಾನೇ ಚೇತರಿಸಿಕೊಳ್ಳುತ್ತದೆ. ಸುಮಾರು 36 ವಾರ ತುಂಬುವವರೆಗೆ ಮಗುವಿನ ಗ್ರಂಥಿಗೆ ಆ ಚೇತರಿಕೆ ಗೊತ್ತಿಲ್ಲ. ಹಾಗಾಗಿ ದಿನ ತುಂಬದ ಮಗುವಿನ ತೆಳು ಚರ್ಮಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಿ ಕ್ಯಾಥೆಟರ್ ಹಾಕಿದ್ದರೆ, ಆ ಕಂದು ಬಣ್ಣ ಒರೆಸದೆ ಬಿಟ್ಟಿದ್ದರೆ, ಅನುಮಾನ ಅಲ್ಲಿಗೇ ಹೋಗಬೇಕು. ಕಾಂಟ್ರಾಸ್ಟ್ ಔಷಧಿ ಕೊಟ್ಟು ಎಕ್ಸ್‌ರೇ ಮಾಡಿದ್ದಾರೆಯೇ? ಅದರಲ್ಲೂ ಅಯೋಡಿನ್ ಇದೆ. ತಾಯಿಯ ಹೊಲಿಗೆಗೆ, ಗಾಯಕ್ಕೆ ದಿನವೂ ಅಯೋಡಿನ್ ಹಚ್ಚುತ್ತಿದ್ದಾರೆಯೇ? ಅದು ಎದೆಹಾಲಿಗೆ ಇಳಿಯುತ್ತದೆ. ತಾಯಿ ಅಯೋಡಿನ್ ಇರುವ ಹೃದಯದ ಮಾತ್ರೆ ಅಮಿಯೋಡರೋನ್ ನುಂಗುತ್ತಿದ್ದರೂ ಅಷ್ಟೇ. ಇದಕ್ಕಾಗಿ ಎದೆಹಾಲು ನಿಲ್ಲಿಸಿಬಿಡಿ ಎಂದು ಅವಸರದಲ್ಲಿ ಹೇಳಬೇಡಿ. ಅಯೋಡಿನ್ ಹಚ್ಚುವುದನ್ನು ಮೊದಲು ನಿಲ್ಲಿಸಿ.

ಆಮೇಲೆ ತಾಯಿಯ ಫೈಲು. ಥೈರಾಯ್ಡ್ ಜಾಸ್ತಿ ಇದೆ ಎಂದು ಕಾರ್ಬಿಮಝೋಲ್ ತೆಗೆದುಕೊಳ್ಳುತ್ತಿದ್ದರೆ ಅದು ಮಗುವಿಗೂ ದಾಟಿ ಗ್ರಂಥಿಯನ್ನು ತಡೆದಿರುತ್ತದೆ. ಅದು ಕೆಲವು ದಿನದ ತೊಂದರೆ. ತಾಯಿಯ ರಕ್ತದಲ್ಲಿ ಥೈರಾಯ್ಡ್ ತಡೆಯುವ ಆಂಟಿಬಾಡಿ ಇದ್ದರೆ ಅದು ಮಗುವಿನಿಂದ ಹೋಗಲು 3ರಿಂದ 6 ತಿಂಗಳು ಬೇಕು. ಅಷ್ಟು ಕಾಲ ಔಷಧಿಯೂ ಬೇಕಾಗಬಹುದು. ‘ತಾತ್ಕಾಲಿಕ’ ಎಂಬ ಮಾತು ಕೇಳಿ ಸುಮ್ನೆ ಕೂತರೆ ಮೆದುಳು ಕಾಯುವುದಿಲ್ಲ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಟಿಎಸ್‌ಎಚ್ ಸ್ವಲ್ಪ ಏರಿರುತ್ತದೆ. ಅವರಿಗೆ ಮೊದಲ ವರದಿ ಸರಿ ಇದ್ದರೂ ಮತ್ತೆ ನೋಡಬೇಕು.

ಎಲ್ಲಿ ಗೆರೆ ಎಳೆಯುವುದು? ರಕ್ತನಾಳದ ಸೀರಮ್ ಟಿಎಸ್‌ಎಚ್ ಎರಡು ವಾರದ ಹೊತ್ತಿಗೂ 20ಕ್ಕಿಂತ ಜಾಸ್ತಿ ಇದ್ದರೆ, ಫ್ರೀ ಟಿ4 ಸರಿ ಇದ್ದರೂ ಔಷಧಿ ಶುರು ಮಾಡುವುದು ರೂಢಿ. ಮೂರು ವಾರ ದಾಟಿದ ಮೇಲೆ 6ರಿಂದ 20ರ ನಡುವೆ ನಿಂತಿದ್ದರೆ ಒಂದೆರಡು ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತಾ, ಅದು ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಬೇಕು. ನನ್ನ ಮಟ್ಟಿಗೆ ಒಂದು ಅಂಕಿಗಿಂತ ಎರಡು ಅಂಕಿಗಳ ನಡುವಿನ ದಾರಿ ಹೆಚ್ಚು ಸತ್ಯ ಹೇಳುತ್ತದೆ.

ಟಿಎಸ್‌ಎಚ್ ಸರಿ, ಟಿ4 ಕಡಿಮೆ

ದಿನ ತುಂಬದ ಮಕ್ಕಳ ವಾರ್ಡಿನಲ್ಲಿ ಅತಿ ಹೆಚ್ಚು ಸಿಗುವ ವರದಿ ಇದು. ಅತಿ ಹೆಚ್ಚು ಗೊಂದಲವೂ ಇದರಲ್ಲೇ. ಟಿ4 ಮೊದಲು ನೋಡುವ ಪದ್ಧತಿ ಇರುವ ಕಡೆ ಇಂಥ ಮಕ್ಕಳು ಸಾಲುಸಾಲಾಗಿ ಸಿಕ್ಕಿಬೀಳುತ್ತಾರೆ. ಟಿಎಸ್‌ಎಚ್ ಮಾತ್ರ ನೋಡುವ ಕಡೆ ಒಬ್ಬರೂ ಸಿಗುವುದಿಲ್ಲ. ಯಾವ ಪದ್ಧತಿ ನಿಮ್ಮಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ.

30 ವಾರಕ್ಕಿಂತ ಮೊದಲು ಹುಟ್ಟಿ, ಒಂದೆರಡು ವಾರ ವಯಸ್ಸಾಗಿ, ಟಿ4 ಕಡಿಮೆ ಇದ್ದು, ಟಿಎಸ್‌ಎಚ್ ಏರದೆ ಇದ್ದರೆ ಅದು ಬಹುಪಾಲು ಎಳೆತನದ ಕೊರತೆ. ಮೇಲೆ ಹೇಳಿದ ತಳ ಮುಟ್ಟುವ ಕಾಲ ಇದೇ. ಆದರೆ ‘ಎಳೆಯ ಮಗು, ಹೀಗೇ ಇರುತ್ತದೆ’ ಎಂದು ಮುಚ್ಚಿಡುವ ಮೊದಲು ನಾಲ್ಕು ಕಡೆ ಕಣ್ಣಾಡಿಸಬೇಕು.

ರಕ್ತದೊತ್ತಡ ಏರಿಸಲು ಕೊಡುವ ಡೋಪಮಿನ್ ಡ್ರಿಪ್ ಓಡುತ್ತಿದೆಯೇ? ಡೋಪಮಿನ್ ಟಿಎಸ್‌ಎಚ್ಚನ್ನು ಒತ್ತಿಹಿಡಿಯುತ್ತದೆ. ಜಾಸ್ತಿ ಪ್ರಮಾಣದ ಸ್ಟಿರಾಯ್ಡ್ ಕೂಡ ಹಾಗೇ. ಅಂದರೆ ಗ್ರಂಥಿಯಲ್ಲೇ ದೋಷ ಇದ್ದರೂ ಟಿಎಸ್‌ಎಚ್ ಏರಿ ಅದನ್ನು ತೋರಿಸಿಕೊಡಲಾರದು. ಡ್ರಿಪ್ ನಿಂತ ಮೇಲೆ ಇನ್ನೊಂದ್ಸಲ ರಕ್ತ ತೆಗೆಯಲೇಬೇಕು. ರಕ್ತ ತೆಗೆದ ದಿನ ಯಾವ ಔಷಧಿ ನಡೆಯುತ್ತಿತ್ತು ಎಂದು ಕಾರ್ಡಿನಲ್ಲಿ ಬರೆದಿದ್ದರೆ ಮುಂದಿನವರಿಗೆ ಎಷ್ಟು ಉಪಕಾರ!

ಕಡಿಮೆ ಇರುವುದು ಒಟ್ಟು ಟಿ4ಯೋ, ಫ್ರೀ ಟಿ4ಯೋ? ಒಟ್ಟು ಟಿ4 ಕಡಿಮೆ, ಫ್ರೀ ಟಿ4 ಸರಿ ಎಂದರೆ ಹಾರ್ಮೋನು ಹೊರುವ ಪ್ರೋಟೀನ್ ಕಡಿಮೆ ಇರಬಹುದು. ಎಳೆಯ ಮಗುವಿನಲ್ಲಿ ಅದು ಸಹಜ. ದಿನ ತುಂಬಿದ ಮಗುವಿನಲ್ಲಿ, ಅದರಲ್ಲೂ ಗಂಡು ಮಗುವಿನಲ್ಲಿ, ವಂಶವಾಹಿಯಿಂದ ಬಂದ ಕೊರತೆ ಇರಬಹುದು. ಅದಕ್ಕೆ ಔಷಧಿ ಬೇಡ.

ಅಯೋಡಿನ್ ಸಿಗುತ್ತಿದೆಯೇ? ಜಾಸ್ತಿಯಾದರೆ ತೊಂದರೆ ಎಂದು ಹೇಳಿದೆ, ಕಡಿಮೆಯಾದರೂ ತೊಂದರೆ. ದಿನ ತುಂಬದ ಮಗುವಿಗೆ ದಿನಕ್ಕೆ ಕಿಲೋಗೆ ಸುಮಾರು 30 ಮೈಕ್ರೋಗ್ರಾಂ ಬೇಕು ಎಂಬ ಲೆಕ್ಕವಿದೆ. ವಾರಗಟ್ಟಲೆ ರಕ್ತನಾಳದ ಮೂಲಕವೇ ಆಹಾರ ಕೊಡುತ್ತಿದ್ದರೆ ಅದರಲ್ಲಿ ಅಯೋಡಿನ್ ತೀರಾ ಕಡಿಮೆ ಇರಬಹುದು.

ಕೊನೆಯದು, ನಾನು ಬಹಳ ಒತ್ತಿ ಹೇಳುವುದು: ಪಿಟ್ಯುಟರಿಯದೇ ದೋಷವೇ? ಟಿ4 ಕಡಿಮೆಯಾದರೂ ಟಿಎಸ್‌ಎಚ್ ಏರದೆ ಇರುವುದು ಅಲ್ಲೂ ಹೀಗೇ ಕಾಣುತ್ತದೆ. ವರದಿಯಿಂದ ಎರಡನ್ನೂ ಬೇರೆ ಮಾಡಲು ಆಗದು. ಮಗುವನ್ನು ನೋಡಬೇಕು. ಪದೇ ಪದೇ ರಕ್ತದ ಸಕ್ಕರೆ ಇಳಿಯುತ್ತಿದೆಯೇ? ಗಂಡು ಮಗುವಿನ ಶಿಶ್ನ ತೀರಾ ಚಿಕ್ಕದಿದೆಯೇ? ಸೀಳು ಅಂಗುಳ ಇದೆಯೇ? ಕಾಮಾಲೆ ಎಳೆದುಕೊಂಡು ಹೋಗುತ್ತಿದೆಯೇ? ಇವುಗಳಲ್ಲಿ ಯಾವುದಿದ್ದರೂ, ಅಥವಾ ಮಗು ದಿನ ತುಂಬಿ ಹುಟ್ಟಿದ್ದರೂ ವರದಿ ಹೀಗಿದ್ದರೆ, ಕಾರ್ಟಿಸೋಲ್ (ಪಿಟ್ಯುಟರಿಯ ಅಪ್ಪಣೆಯಂತೆ ಅಡ್ರಿನಲ್ ಗ್ರಂಥಿ ಮಾಡುವ ಹಾರ್ಮೋನು) ಪರೀಕ್ಷೆ ಮೊದಲು. ಕಾರ್ಟಿಸೋಲ್ ಕೊರತೆ ಇರುವ ಮಗುವಿಗೆ ಅದನ್ನು ಸರಿ ಮಾಡದೆ ಥೈರಾಕ್ಸಿನ್ ಕೊಟ್ಟರೆ ಜೀವಕ್ಕೇ ಅಪಾಯ.

ಎಳೆತನದ ಕೊರತೆ ಎಂದು ಖಚಿತವಾದರೆ ಥೈರಾಕ್ಸಿನ್ ಕೊಡಬೇಕೇ? ತಂದೆತಾಯಿ ಕೇಳಿಯೇ ಕೇಳುತ್ತಾರೆ. ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1997ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ 30 ವಾರಕ್ಕಿಂತ ಮೊದಲು ಹುಟ್ಟಿದ 200 ಮಕ್ಕಳಿಗೆ ಥೈರಾಕ್ಸಿನ್ ಅಥವಾ ಬರೀ ಹುಸಿ ಔಷಧಿ ಕೊಟ್ಟರು. ಒಟ್ಟಾರೆ ನೋಡಿದರೆ ಎರಡು ವರ್ಷದ ಹೊತ್ತಿಗೆ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 27 ವಾರಕ್ಕಿಂತ ಎಳೆಯ ಮಕ್ಕಳಿಗೆ ಒಳ್ಳೆಯದಾದಂತೆ ಕಂಡಿತು, 27 ವಾರಕ್ಕೋ ಆಮೇಲೋ ಹುಟ್ಟಿದ ಮಕ್ಕಳಿಗೆ ಕೆಟ್ಟದ್ದಾಗಬಹುದೆಂಬ ಸುಳಿವೂ ಇತ್ತು. ಅದಕ್ಕೇ ಎಲ್ಲ ಎಳೆಯ ಮಕ್ಕಳಿಗೂ ಕಣ್ಣುಮುಚ್ಚಿ ಔಷಧಿ ಕೊಡುವುದಿಲ್ಲ. ಹಾರ್ಮೋನು ಕಡಿಮೆ ಇದ್ದರೆ ತುಂಬಿಬಿಡೋಣ ಎಂಬುದು ಸಹಜ ಆಸೆ. ಆದರೆ ಇಲ್ಲಿ ಆ ಆಸೆಗಿಂತ ಮತ್ತೆ ಮತ್ತೆ ನೋಡುವುದೇ ಮಗುವಿಗೆ ಒಳ್ಳೆಯದು.

ಎರಡೂ ಸರಿ, ಮಗು ಮಾತ್ರ 32 ವಾರಕ್ಕಿಂತ ಎಳೆಯದು

ವರದಿಯಲ್ಲಿ ದೋಷ ಕಾಣದಿರುವುದೇ ಇಲ್ಲಿನ ದೋಷ. ಮೊದಲಿಗೆ ಹೇಳಿದ ಎರಡನೇ ಮನೆಯ ಮಗು ಇದೇ. 29 ವಾರಕ್ಕೆ ಹುಟ್ಟಿದ ಹೆಣ್ಣು ಮಗು. ಮೂರನೇ ದಿನದ ಕಾರ್ಡಿನಲ್ಲಿ ಟಿಎಸ್‌ಎಚ್ 3. ಫೈಲಿನ ಮೇಲೆ ‘ಥೈರಾಯ್ಡ್ ನಾರ್ಮಲ್’ ಎಂದು ಬರೆದಾಯಿತು. ಆ ಮಾತನ್ನು ಐದು ವಾರ ಎಲ್ಲರೂ ನಂಬಿದೆವು. ನಾನೂ ನಂಬಿದೆ. ಮನೆಗೆ ಹೋದ ಮೇಲೆ ಮೊದಲ ಭೇಟಿಯಲ್ಲಿ ಹೊಸ ನರ್ಸ್ ಒಬ್ಬಳು ಕೇಳಿದಳು, ‘ಅಕ್ಕಾ, ಎರಡನೇ ಕಾರ್ಡ್ ಎಲ್ಲಿ?’ ಅವತ್ತೇ ರಕ್ತ ತೆಗೆದೆವು. ಟಿಎಸ್‌ಎಚ್ 80 ದಾಟಿತ್ತು. ಅಂದಿನಿಂದ ನಾನು ಆ ಪ್ರಶ್ನೆಯನ್ನು ಕೇಳದ ದಿನವಿಲ್ಲ.

ಏನಾಯಿತು ಅಲ್ಲಿ? ಆ ಮಗುವಿನ ಗ್ರಂಥಿ ಹುಟ್ಟುವಾಗಲೇ ಸೋತಿತ್ತು. ಆದರೆ ಟಿಎಸ್‌ಎಚ್ ಏರಿಸಬೇಕಾದ ಪಿಟ್ಯುಟರಿ ಇನ್ನೂ ಬಲಿತಿರಲಿಲ್ಲ. ಅದು ಬಲಿಯುವಷ್ಟರಲ್ಲಿ ಎರಡು ವಾರ, ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಆಗುತ್ತದೆ. ಟಿಎಸ್‌ಎಚ್ ತಡವಾಗಿ ಏರುವುದು ಎಂದು ಇದನ್ನು ಕರೆಯುತ್ತಾರೆ. ತೀರಾ ಕಡಿಮೆ ತೂಕದ ಮಕ್ಕಳಲ್ಲಿ ಇದು ಬೇರೆಯವರಿಗಿಂತ ಹೆಚ್ಚು.

ಆದ್ದರಿಂದ 32 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ 1500 ಗ್ರಾಂಗಿಂತ ಕಡಿಮೆ ತೂಕದ, ಅಥವಾ ತೀವ್ರ ನಿಗಾ ಘಟಕದಲ್ಲಿರುವ ಎಲ್ಲ ಮಕ್ಕಳಿಗೂ ಎರಡರಿಂದ ನಾಲ್ಕು ವಾರದ ನಡುವೆ ಎರಡನೇ ಸಲ ರಕ್ತ ತೆಗೆಯಬೇಕು. ಮೊದಲ ವರದಿ ಎಷ್ಟೇ ಚೆನ್ನಾಗಿರಲಿ. ಅವಳಿ ಮಕ್ಕಳಿಗೂ, ಅದರಲ್ಲೂ ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣಾಗಿದ್ದರೆ. ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ಆರೋಗ್ಯದ ಮಗುವಿನ ರಕ್ತ ಕಾಯಿಲೆ ಇರುವ ಮಗುವಿಗೆ ಹರಿದು, ಮೊದಲ ವರದಿಯನ್ನು ಸರಿಯಾಗಿ ತೋರಿಸಿಬಿಡುತ್ತದೆ.

ಮಗುವಿಗೆ ರಕ್ತ ಏರಿಸುವುದಿದ್ದರೆ ಏರಿಸುವ ಮೊದಲೇ ಕಾರ್ಡ್ ತೆಗೆಯಿರಿ, 48 ಗಂಟೆ ಆಗಿಲ್ಲದಿದ್ದರೂ ಸರಿ. ದಾನಿಯ ರಕ್ತ ಸೇರಿದ ಮೇಲೆ ನೀವು ಅಳೆಯುವುದು ಅರ್ಧ ದಾನಿಯ ಥೈರಾಯ್ಡ್. ಬೇಗ ತೆಗೆದದ್ದಕ್ಕೆ ಆಮೇಲೆ ಮತ್ತೊಂದು ಸ್ಯಾಂಪಲ್ ಹೇಗೂ ಬೇಕು.

ವರದಿಗೂ ಮಗುವಿಗೂ ಹೊಂದುತ್ತಲೇ ಇಲ್ಲ

ಮಗು ಚುರುಕಾಗಿದೆ, ತೂಕ ಏರುತ್ತಿದೆ, ವರದಿ ಮಾತ್ರ ಭೀಕರ. ಅಥವಾ ಮಗು ಮಂಕಾಗಿದೆ, ವರದಿ ಚಂದ. ಆಗ ಸ್ಯಾಂಪಲ್ಲನ್ನೇ ಅನುಮಾನಿಸಿ. ಪೇಪರಿನ ಒಂದು ವೃತ್ತದಲ್ಲಿ ಹನಿಯ ಮೇಲೆ ಹನಿ ಹಾಕಿದ್ದರೆ ಅಂಕಿ ಏರುತ್ತದೆ. ರಕ್ತ ಹಿಂಬದಿಗೆ ಇಳಿಯದಿದ್ದರೆ ಅಂಕಿ ಇಳಿಯುತ್ತದೆ. ಒಣಗುವ ಮೊದಲೇ ಕವರಿಗೆ ಹಾಕಿದ್ದರೆ ಆ ಕಾರ್ಡ್ ನಂಬಬೇಡಿ. ಹಿಮ್ಮಡಿಯಿಂದ ತೆಗೆಯುವ ಬದಲು ನೇರಳೆ ಮುಚ್ಚಳದ ಟ್ಯೂಬಿನಿಂದ ಹನಿ ಹಾಕಿದರೆ ಅದರಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಕಡಿಮೆ ತೋರಿಸುತ್ತದೆ. ಹೀಗೆ ತಪ್ಪಿದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಓಡುತ್ತಿರುವ ಲೈನಿನಿಂದ ರಕ್ತ ತೆಗೆದರೆ ಫ್ರೀ ಟಿ4 ಸುಳ್ಳಾಗಿ ಜಾಸ್ತಿ ಬರುತ್ತದೆ. ತಾಯಿ ಅಥವಾ ಮಗು ಹೆಚ್ಚು ಪ್ರಮಾಣದ ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಕೆಲವು ಯಂತ್ರಗಳು ಟಿಎಸ್‌ಎಚ್ ಕಡಿಮೆ, ಫ್ರೀ ಟಿ4 ಜಾಸ್ತಿ ಎಂದು ತೋರಿಸುತ್ತವೆ. ಥೈರಾಯ್ಡ್ ಜಾಸ್ತಿ ಇರುವ ಮಗುವಿನ ವರದಿಯಂತೆಯೇ ಅದು ಕಾಣುತ್ತದೆ. ಆದರೆ ತಾಯಿಗೆ ಗ್ರೇವ್ಸ್ ಕಾಯಿಲೆ (ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ) ಇದ್ದರೆ, ಮಗುವಿನ ಹೃದಯ ಓಡುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಯಂತ್ರವನ್ನು ದೂರುತ್ತಾ ಕೂರಬೇಡಿ. ಅದು ನಿಜವಾದ ಕಾಯಿಲೆ, ತುರ್ತಿನದ್ದು.

ಇನ್ನೂ ಅಪರೂಪಕ್ಕೆ, ಟಿಎಸ್‌ಎಚ್ ವಿಪರೀತ ಜಾಸ್ತಿ, ಫ್ರೀ ಟಿ4 ಪೂರ್ತಿ ಸರಿ, ಮಗು ಗುಂಡಗೆ ಇದೆ ಎಂದಾದರೆ ತಾಯಿಯ ಟಿಎಸ್‌ಎಚ್ಚನ್ನೂ ನೋಡಿ. ತಾಯಿಯಿಂದ ದಾಟಿದ ಆಂಟಿಬಾಡಿ ಯಂತ್ರವನ್ನು ಮೋಸಗೊಳಿಸಿರಬಹುದು. ಬೇರೆ ಕಂಪನಿಯ ಯಂತ್ರದಲ್ಲಿ ಮಾಡಿಸಿದರೆ ಗೊತ್ತಾಗುತ್ತದೆ.

ಔಷಧಿ ಶುರುವಾದ ಮೇಲೂ ಟಿಎಸ್‌ಎಚ್ ಇಳಿಯದಿದ್ದರೆ

ಪ್ರಮಾಣ ಏರಿಸುವ ಮೊದಲು ಮಾತ್ರೆ ಹೇಗೆ ಕೊಡುತ್ತಿದ್ದೀರಿ ಎಂದು ಅಮ್ಮನ ಹತ್ತಿರ ಕೇಳಿ, ಮಾಡಿ ತೋರಿಸಿ ಎನ್ನಿ. ಪುಡಿ ಮಾಡಿ ಒಂದು ಚಮಚ ಎದೆಹಾಲಿನಲ್ಲೋ ನೀರಿನಲ್ಲೋ ಕರಗಿಸಿ ಆಗಲೇ ಕುಡಿಸಬೇಕು. ಬಾಟಲಿ ತುಂಬ ಹಾಲಿಗೆ ಬೆರೆಸಿದರೆ ಅರ್ಧ ಔಷಧಿ ಬಾಟಲಿಯಲ್ಲೇ ಉಳಿಯುತ್ತದೆ. ದಿನ ತುಂಬದ ಮಕ್ಕಳಿಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಹನಿಯೂ ಇರುತ್ತದೆ. ಅವನ್ನು ಥೈರಾಕ್ಸಿನ್ ಜೊತೆಗೇ ಕೊಟ್ಟರೆ ಥೈರಾಕ್ಸಿನ್ ಮೈಗೆ ಹತ್ತುವುದಿಲ್ಲ. ಸೋಯಾ ಹಾಲಿನ ಪುಡಿಯೂ ಹಾಗೇ. ಒಂದನ್ನು ಬೆಳಿಗ್ಗೆಗೆ, ಇನ್ನೊಂದನ್ನು ಸಂಜೆಗೆ ಇಟ್ಟರೆ ಆಯಿತು. ಮಗುವಿನ ತೂಕ ಎರಡು ಪಟ್ಟಾಗಿದ್ದರೂ ಹಳೇ ಪ್ರಮಾಣವೇ ನಡೆಯುತ್ತಿರುವುದೂ ಉಂಟು, ಅದನ್ನೂ ನೋಡಿ.

ಶುರುವಾದ ಒಂದೆರಡು ವಾರಕ್ಕೆ ಮೊದಲ ಪರೀಕ್ಷೆ. ಟಿಎಸ್‌ಎಚ್ ಹದಕ್ಕೆ ಬರುವವರೆಗೆ ಎರಡು ವಾರಕ್ಕೊಮ್ಮೆ. ಆಮೇಲೆ ಮೊದಲ ವರ್ಷವಿಡೀ ಒಂದರಿಂದ ಮೂರು ತಿಂಗಳಿಗೊಮ್ಮೆ. ರಕ್ತ ತೆಗೆಯುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ಹಾಕಿ.

ದಿನ ತುಂಬದೆ ಹುಟ್ಟಿ, ಗ್ರಂಥಿ ಸರಿಯಾದ ಜಾಗದಲ್ಲೇ ಇರುವ ಎಷ್ಟೋ ಮಕ್ಕಳಿಗೆ ಈ ಔಷಧಿ ಜೀವನಪೂರ್ತಿ ಬೇಕಾಗುವುದಿಲ್ಲ. ಮೂರು ವರ್ಷ ತುಂಬಿದ ಮೇಲೆ ಡಾಕ್ಟರು ಸುಮಾರು ನಾಲ್ಕು ವಾರ ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಪ್ರಮಾಣ ತೀರಾ ಕಡಿಮೆ ಸಾಕಾಗುತ್ತಿದ್ದರೆ ಇನ್ನೂ ಬೇಗ ಪ್ರಯತ್ನಿಸುವುದುಂಟು. ನಾನು ಹೇಳಿದ ಆ 29 ವಾರದ ಹುಡುಗಿಗೆ ಮೂರೂವರೆ ವರ್ಷಕ್ಕೆ ಮಾತ್ರೆ ನಿಲ್ಲಿಸಿ ನೋಡಿದರು. ಟಿಎಸ್‌ಎಚ್ ಮತ್ತೆ ಏರಿತು. ಈಗ ದಿನಾ ಬೆಳಿಗ್ಗೆ ತಾನೇ ನೆನಪಿಸಿ ಮಾತ್ರೆ ಕೇಳಿ ತೆಗೆದುಕೊಳ್ಳುತ್ತಾಳಂತೆ.